ಆಚೇದಡಕ್ಕೆ ರಾತ್ರಿಯ ಪ್ರಯಾಣ

ಮಾರ್ಕನ ಸುವಾರ್ತೆ 4ನೇ ಅಧ್ಯಾಯ, 35ರಿಂದ 41ನೇ ವಚನಗಳು



ಕರ್ತನು ತನ್ನ ಶಿಷ್ಯರನ್ನು ಆಚೇದಡಕ್ಕೆ ಕರೆದದ್ದು ಬೆಳಿಗ್ಗೆಯಲ್ಲ, ಸಾಯಂಕಾಲದಲ್ಲಿ ಎಂಬದನ್ನು ಮೊದಲು ಗಮನಿಸೋಣ. ಗಲಿಲಾಯ ಸಮುದ್ರವೆಂಬದು ಒಂದು ಸರೋವರವೇ. ಉದ್ದ ಸುಮಾರು 13 ಮೈಲು, ಅಗಲ 8 ಮೈಲು. ಅದು ಮಹಾಸಮುದ್ರದ ಮಟ್ಟಕ್ಕಿಂತ ಸುಮಾರು 700 ಅಡಿ ತಗ್ಗಿನಲ್ಲಿ ಗುಡ್ಡಗಳ ನಡುವೆ ಇರುವದರಿಂದ ಗಾಳಿಯು ಮೇಲಿನಿಂದ ಫಕ್ಕನೆ ಇಳಿದು ನೀರನ್ನು ಕದಡಿಬಿಡುವದು. 1986ರಲ್ಲಿ ಮಳೆ ತಪ್ಪಿ ಆ ನೀರು ಇಳಿದಾಗ, ಸುಮಾರು ಕರ್ತನ ಕಾಲದ್ದಾದ ಒಂದು ದೋಣಿಯು ಕೆಸರಿನಲ್ಲಿ ಸಿಕ್ಕಿತು. ಉದ್ದ ಸುಮಾರು 27 ಅಡಿ. ಹಲವು ಜಾತಿಯ ಮರದ ತುಂಡುಗಳಿಂದ ತೇಪೆ ಹಾಕಿದ್ದು. ಕರ್ತನು ಹತ್ತಿದ ದೋಣಿ ಅದೇ ಎಂದು ಯಾರೂ ಹೇಳಲಾರರು. ಹಾಗೆ ಹೇಳಿ ಜನರನ್ನು ಬೆರಗುಗೊಳಿಸುವದು ಉಪದೇಶಿಗೆ ತಕ್ಕದ್ದೂ ಅಲ್ಲ. ಬಡವರ ದೋಣಿ ಹೇಗಿತ್ತೆಂಬದು ಮಾತ್ರ ಅದರಿಂದ ತಿಳಿಯುತ್ತದೆ.

ಇಂಥಾ ರಾತ್ರಿಯು ನಮ್ಮ ಕರಾವಳಿಯ ಹಿರಿಯರಿಗೂ ಹೊಸದಾಗಿರಲಿಲ್ಲ. ಹೊಳೆಗಳಿಗೆ ಸೇತುವೆಗಳಾಗುವ ಮುಂಚೆ ಮಲ್ಪೆಯಿಂದ ಮಂಗಳೂರಿಗೆ ನಡೆದುಹೋಗುವವನು ಉದ್ಯಾವರ, ಮೂಲ್ಕಿ, ಪಾವಂಜೆ ಹೊಳೆಗಳನ್ನು ಒಂದೊಂದಾಗಿ ದೋಣಿಯಲ್ಲಿ ದಾಟಬೇಕಾಗಿತ್ತು. ಆದಕಾರಣ ಮಳೆಗಾಲ ತೀರಿದ ಮೇಲೆ ಮಂಜಿಗಳಲ್ಲಿ ಅಕ್ಕಿಮೂಟೆಗಳ ಸಂಗಡ ಮನುಷ್ಯರೂ ಹೋಗುತ್ತಿದ್ದರು. ಹಗಲಲ್ಲಿ ಗಾಳಿಯು ಕಡಲಿಂದ ದಡಕ್ಕೆ ಬೀಸುವದು. ರಾತ್ರಿಯಲ್ಲಿ ನೆಲವು ನೀರಿಗಿಂತ ಬೇಗ ತಣಿಯುವದರಿಂದ ಗಾಳಿಯು ನೆಲದಿಂದ ಕಡಲಿಗೆ ತಿರುಗುವದು. ಅಳಿವೆಯನ್ನು ಬಿಟ್ಟು ತೆಂಕಕ್ಕೆ ಹೋಗುವ ಹಾಯಿಗೆ ಆ ನೆಲಗಾಳಿಯೇ ಅನುಕೂಲವು.

ಅಂಥಾ ಒಂದು ಮಂಜಿಯಲ್ಲಿ ಒಂದು ಕುಟುಂಬವನ್ನು ನೆನಸಿಕೊಳ್ಳಿರಿ. ದೀಕ್ಷಾಸ್ನಾನ ಹೊಂದಿದ್ದರಿಂದ ಅವರ ಗದ್ದೆಯ ಒಕ್ಕಲು ಹೋಯಿತು, ಬಾವಿಗೆ ಹೋಗಗೊಡುವವರಿಲ್ಲ, ಮುದಿ ತಾಯಿಯು ಇವರ ಸಂಗಡ ಬರಲೊಲ್ಲದೆ ಊರಲ್ಲೇ ಉಳಿದಳು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದರು. ಅಲ್ಲಿ ಕೂಲಿ ಸಿಕ್ಕೀತೆಂದು ಕೇಳಿ ಹೊರಟಿದ್ದಾರೆ. ನಡುರಾತ್ರಿ ಗಾಳಿ ಬಲವಾಗುತ್ತದೆ. ತಂಡೇಲನು ಚುಕ್ಕಾಣಿಯನ್ನು ಎದೆಗೊತ್ತಿ ಹಿಡಿದಿದ್ದಾನೆ, ಆಳುಗಳು ನೀರನ್ನು ಮೊಗೆದು ಹೊರಗೆ ಸುರಿಯುತ್ತಾರೆ. ಮಗುವು ಅವಲಕ್ಕಿಯನ್ನೆಲ್ಲಾ ಕಾರಿಕೊಂಡು ತಾಯಿಯ ಮಡಿಲಲ್ಲಿ ಬಿದ್ದುಕೊಂಡಿದೆ. ಆಗ ಅವಳು, “ನಮ್ಮನ್ನು ಕರೆದವನು ಅವನೇ ಅಲ್ಲವೇ? ಈಗ ನಿದ್ರೆ ಮಾಡುತ್ತಾನೋ?” ಅನ್ನುತ್ತಾಳೆ. ಗಂಡನು, “ಸುಮ್ಮನಿರು, ಇದು ಅಪನಂಬಿಕೆಯ ಮಾತು,” ಅನ್ನುತ್ತಾನೆ.

ಪ್ರಿಯರೇ, ಇವರಿಬ್ಬರಲ್ಲಿ ಶಿಷ್ಯರಿಗೆ ಹತ್ತಿರವಾದವರು ಯಾರು? ತಾಯಿಯೇ ಎಂದು ನಾವು ಹೇಳುತ್ತೇವೆ. ನಾವು ಮುಳುಗುವದು ನಿನಗೆ ಚಿಂತೆಯಲ್ಲವೋ ಎಂದು ಅವರೂ ಕೇಳಿದರು, ಅದನ್ನು ಅವನ ಬೆನ್ನ ಹಿಂದೆ ಕೇಳದೆ ಅವನನ್ನೇ ಎಬ್ಬಿಸಿ ಕೇಳಿದರು. ಕರ್ತನು ಮಲಗಿದ್ದ ಸ್ಥಳವನ್ನೂ ನೋಡಿರಿ: ದೋಣಿಯ ಹಿಂಭಾಗ, ನಡಿಸುವವನು ಕೂತುಕೊಳ್ಳುವ ಕಡೆ. ತೆರೆಯು ಹೊಡೆದಾಗ ಅವನೂ ನೆನೆದನು. ಎದ್ದವನು ಮೊದಲು ಗಾಳಿಯನ್ನು ಗದರಿಸಿದನು; ಶಾಂತವಾದ ಮೇಲೆಯೇ ಅವರ ನಂಬಿಕೆಯನ್ನು ಕುರಿತು ಕೇಳಿದನು. ಮತ್ತಾಯನು ಪ್ರಶ್ನೆಯನ್ನು ಮುಂದಾಗಿ ಬರೆದದ್ದುಂಟು; ಅದರಲ್ಲಿಯೂ ಕರ್ತನು ಪ್ರಶ್ನೆ ಕೇಳಿ ಸುಮ್ಮನೆ ಕೂತವನಲ್ಲ.

ನಮ್ಮಲ್ಲಿ ಕೆಲವರು ಪ್ರಶ್ನೆಯಲ್ಲಿಯೇ ನಿಂತುಬಿಡುತ್ತಾರೆ. ಹೊಸ ವಿಶ್ವಾಸಿಯ ಎತ್ತು ಸತ್ತರೆ, ನೆಂಟರು ಬಾಗಿಲು ಹಾಕಿಕೊಂಡರೆ, ಅವನ ಹೆಂಡತಿ ಒಂದು ಕಹಿಮಾತು ಆಡಿದರೆ, ಹಿರಿಯರಿಗೆ ಕೂಡಲೆ ದೂರು ಹೋಗುತ್ತದೆ. ಆ ಮನೆಯಲ್ಲಿ ಒಲೆ ಹೊತ್ತಿತೋ ಎಂದು ಕೇಳಿದವರು ಎಷ್ಟು ಮಂದಿ?

ಮಂಜಿಯು ಬೆಳಗಾಗುವಾಗ ಮಂಗಳೂರಿನ ಮುಂದೆ ಬಂದರೂ ಕೂಡಲೆ ಒಳಗೆ ಹೋಗಲಾರದು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಬೀಳುವ ಅಳಿವೆಯಲ್ಲಿ ಮರಳು ಹೆಚ್ಚು. ಭರತ ಏರುವ ತನಕ ಹೊರಗೆ ಕಾಯಬೇಕು. ಪಟ್ಟಣವು ಕಣ್ಣಿಗೆ ಕಾಣುತ್ತದೆ, ಕಾಲಿಗೆ ನೆಲವಿಲ್ಲ. ಈ ವರುಷ ನಮ್ಮ ಸಭೆಗಳಿಗೆ ಸೇರಿದ ಮನೆಗಳು ಹಲವು ಹೀಗೆಯೇ ಅಳಿವೆಯ ಹೊರಗೆ ಕಾಯುತ್ತಿವೆ. ಬರುವ ಭಾನುವಾರಕ್ಕೆ ಮುಂಚೆ ಅವರ ಬಳಿಗೆ ಹೋಗಿರಿ. ಹೋಗುವಾಗ ಒಂದು ಸೇರು ಅಕ್ಕಿಯೂ ಇರಲಿ. ತಾಯಿಯು ಆ ರಾತ್ರಿ ಏನಂದಳೆಂದು ವಿಚಾರಿಸುವ ಮೊದಲು ಮಗುವನ್ನು ಅವಳ ತೋಳಿನಿಂದ ಎತ್ತಿಕೊಳ್ಳಿರಿ.