ಮುನ್ನೂರ ಎಪ್ಪತ್ತು ಮಂದಿ

ರೋಮ್ ಗಣರಾಜ್ಯದ ಪತನ ಎಂದೊಡನೆ ಎಲ್ಲರಿಗೂ ನೆನಪಾಗುವುದು ಸೀಸರ್ ರೂಬಿಕಾನ್ ಹೊಳೆ ದಾಟಿದ ರಾತ್ರಿ. ನನ್ನನ್ನು ಕಾಡುವುದು ಅದಕ್ಕೂ ಐದಾರು ವಾರ ಮೊದಲಿನ ಒಂದು ದಿನ: ಕ್ರಿ.ಪೂ. 50ರ ಡಿಸೆಂಬರ್ 1.

ಗಾಲ್ ಪ್ರಾಂತ್ಯದಲ್ಲಿ ಸೀಸರನ ಸೈನ್ಯವಿತ್ತು, ಪಾಂಪೆಯ ಕೈಯಲ್ಲೂ ಸೈನ್ಯವಿತ್ತು. ಅಂದು ಸೆನೆಟ್‌ನಲ್ಲಿ ಕಾನ್ಸಲ್ ಗಾಯಸ್ ಮಾರ್ಸೆಲಸ್ ಪ್ರಶ್ನೆಯನ್ನು ಜಾಣತನದಿಂದ ಎರಡಾಗಿ ಒಡೆದು ಕೇಳಿದ. ಸೀಸರ್ ಅಧಿಕಾರ ಬಿಡಬೇಕೇ? ಬಿಡಬೇಕು ಎಂದಿತು ಸಭೆ. ಪಾಂಪೆ? ಬೇಡ ಎಂದಿತು. ಆಗ ಟ್ರಿಬ್ಯೂನ್ ಕ್ಯೂರಿಯೊ, ಇಬ್ಬರೂ ಒಟ್ಟಿಗೆ ಬಿಡಲಿ ಎಂದ. ಒಪ್ಪಿದವರು 370, ಒಪ್ಪದವರು 22. ಈ ಲೆಕ್ಕ ಕೊಡುವವನು ಇತಿಹಾಸಕಾರ ಅಪ್ಪಿಯಾನ್.

ಮಾರ್ಸೆಲಸ್ ಸಿಟ್ಟಿನಿಂದ ಸಭೆ ಮುಗಿಸಿದ. ಸೀಸರ್ ಆಲ್ಪ್ಸ್ ದಾಟಿ ಬರುತ್ತಿದ್ದಾನೆಂಬ ಗಾಳಿಸುದ್ದಿಯೇ ಅವನಿಗೆ ಸಾಕಾಯಿತು. ಸೆನೆಟ್‌ನ ನಿರ್ಣಯವಿಲ್ಲದೆಯೇ ಪಾಂಪೆಯ ಬಳಿ ಹೋಗಿ, ದೇಶ ಕಾಪಾಡೆಂದು ಕೈಗೆ ಕತ್ತಿ ಕೊಟ್ಟ. ಜನವರಿಯಲ್ಲಿ ಅಂತರ್ಯುದ್ಧ ಶುರುವಾಯಿತು.

ಆ 370 ಮಂದಿ ಎಲ್ಲಿ ಹೋದರು? ಮನೆಗೆ ಹೋದರು, ಅಷ್ಟೆ. ಸೆನೆಟ್‌ನಲ್ಲಿ ಮತ ಹಾಕುವುದೆಂದರೆ ಕೂತಲ್ಲಿಂದ ಎದ್ದು, ಒಪ್ಪಿದವರ ಕಡೆಗೆ ನಡೆದುಹೋಗಿ ನಿಲ್ಲುವುದು. ಅಷ್ಟು ಹೆಜ್ಜೆ ಅವರು ನಡೆದರು. ಮಾರ್ಸೆಲಸ್ ಪಾಂಪೆಯತ್ತ ಹೊರಟಾಗ ಅವನ ಹಿಂದೆ ಹೋಗಿ, ‘ಇದು ನಮ್ಮ ಮಾತಲ್ಲ’ ಎನ್ನಲು ಇನ್ನಷ್ಟು ಹೆಜ್ಜೆ ಬೇಕಿತ್ತು.

ಅವರ ಭಯ ಸುಳ್ಳಲ್ಲ. ಸುಲ್ಲಾ ಕೊಲ್ಲಬೇಕಾದವರ ಪಟ್ಟಿಯನ್ನು ಬಹಿರಂಗವಾಗಿ ಹಾಕಿಸಿದ್ದು ಬರೀ ಮೂವತ್ತೆರಡು ವರ್ಷ ಹಿಂದೆ. ಸಭೆಯ ಹಿರಿಯರು ಅದನ್ನು ಕಣ್ಣಾರೆ ಕಂಡಿದ್ದರು. ನಿರಾಯುಧರಾದ ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಿರಪರಾಧಿಗಳು ಎನ್ನಲೂ ಆಗುವುದಿಲ್ಲ. ಇಪ್ಪತ್ತೆರಡು ಮಂದಿಗೆ ತಮಗೇನು ಬೇಕೆಂದು ಗೊತ್ತಿತ್ತು, ಅದಕ್ಕಾಗಿ ಕಾನೂನು ಮೀರಲೂ ಸಿದ್ಧರಿದ್ದರು. ಉಳಿದವರಿಗೆ ಯುದ್ಧ ಬೇಡವಾಗಿತ್ತು; ಬೇಡ ಎನ್ನುವುದಕ್ಕೆ ಬೆಲೆ ತೆರುವುದೂ ಬೇಡವಾಗಿತ್ತು. ಮತ ಹಾಕಿದೆವು, ಕರ್ತವ್ಯ ಮುಗಿಯಿತು ಎಂಬ ಸಮಾಧಾನವೇ ಅವರ ತಪ್ಪು ಎಂದು ನನಗೆ ತೋರುತ್ತದೆ. ಕೆಲವೇ ವಾರಗಳಲ್ಲಿ ಅವರಲ್ಲಿ ಎಷ್ಟೋ ಜನ ಅತ್ತಲೋ ಇತ್ತಲೋ ಹಂಚಿಹೋಗಿದ್ದರು.

ಶಾಂತಿಯ ಸೂಚನೆ ತಂದ ಕ್ಯೂರಿಯೊನನ್ನೂ ಸಂತನೆಂದುಕೊಳ್ಳಬೇಕಿಲ್ಲ. ಸೀಸರ್ ಅವನ ಸಾಲ ತೀರಿಸಿ ಕೊಂಡುಕೊಂಡಿದ್ದ ಎಂದು ಪ್ರಾಚೀನರೇ ಬರೆದಿದ್ದಾರೆ. ಹಾಗಿದ್ದರೂ ಸೂಚನೆ ಸರಿಯಾಗಿಯೇ ಇತ್ತು. ಒಳ್ಳೆಯ ಮಾತು ಒಳ್ಳೆಯವರ ಬಾಯಿಂದಲೇ ಬರಲಿ ಎಂದು ಕಾಯುತ್ತ ಕೂತರೆ ಯಾವ ಸಭೆಯೂ ನಡೆಯುವುದಿಲ್ಲ. ಮರುವರ್ಷ ಅವನು ಆಫ್ರಿಕಾದಲ್ಲಿ, ಸೀಸರನ ಪರ ಕಾದಾಡುತ್ತ ಸತ್ತ. ಪಾಂಪೆ 48ರಲ್ಲಿ ಈಜಿಪ್ಟಿನ ದಡದಲ್ಲಿ ಕೊಲೆಯಾದ.

ಕತ್ತಿ ಕೊಟ್ಟ ಮಾರ್ಸೆಲಸ್ ಮಾತ್ರ ಪಾಂಪೆಯ ಹಿಂದೆ ಹೋಗಲೇ ಇಲ್ಲ. ಇಟಲಿಯಲ್ಲೇ ಉಳಿದ. ಸೀಸರ್ ಅವನನ್ನು ಕ್ಷಮಿಸಿದ.