ಸಣ್ಣದು ಸಾಕೆಂಬುದು ಗುಣವೋ, ಗತಿಗೇಡೋ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಇರಲಾರರು. ಹಿರಿಯರು ಇದನ್ನು ವಿವೇಕವೆಂದೇ ಹೇಳಿಕೊಟ್ಟರು. ಆದರೆ ಹಾಸಿಗೆಯನ್ನು ಗಿಡ್ಡವಾಗಿ ಹೊಲಿದವರು ಯಾರೆಂದು ಗಾದೆ ವಿಚಾರಿಸುವುದಿಲ್ಲ. ಇದ್ದುದರಲ್ಲಿ ತೃಪ್ತಿಪಡುವುದು ಒಂದು ಗುಣವೇ, ಅಥವಾ ಬೇರೆ ದಾರಿ ಕಾಣದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವೇ? ಎಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಗೂ, ನಿಜವಾಗಿ ಸಂತೃಪ್ತನಾದ ಮನುಷ್ಯನಿಗೂ ನಡುವೆ ಗೆರೆ ಎಳೆಯುವುದು ಹೇಗೆ? ಸಂಖ್ಯೆಯಲ್ಲಿ ಕಡಿಮೆಯಾಗಿ ಬದುಕುವ ಜನರಿಗೆ ಈ ಪ್ರಶ್ನೆ ಬರಿಯ ತರ್ಕದ ಆಟವಾಗಿ ಉಳಿಯುವುದಿಲ್ಲ.

ಇದರ ವಿಚಾರಕ್ಕೆ ನಾನು ಆರಿಸಿಕೊಂಡ ಉದಾಹರಣೆ ಕೆಲವರಿಗೆ ವಿಚಿತ್ರವೆನಿಸಬಹುದು. ಅದು ಅಮೆರಿಕದ ಒಂದು ಗಿಟಾರ್. ಮೈ ಸಣ್ಣದು, ಮುಂಭಾಗ, ಬೆನ್ನು, ಪಕ್ಕ ಎಲ್ಲವೂ ಮಹಾಗನಿ ಮರದ್ದು. ಚಿಪ್ಪಿನ ಕೆತ್ತನೆ, ಅಂಚಿನ ಬಿಳಿ ಪಟ್ಟಿ ಯಾವುದೂ ಇಲ್ಲ. ಹಳೆಯ ಮನೆಯ ಬಾಗಿಲಿನ ಹಲಗೆಯಂತೆ ಕಂದುಗೆಂಪು ಬಣ್ಣ. ಗಲ್ಫಿನಲ್ಲಿರುವ ನನ್ನ ಅಕ್ಕನ ಮಗ ರಜೆಯಲ್ಲಿ ಬಂದಾಗ ಇಂತಹದೊಂದನ್ನು ತಂದಿದ್ದ. ಇಷ್ಟು ಹಣ ಕೊಡುವವನು ದೊಡ್ಡದನ್ನೇ ಕೊಳ್ಳಬಹುದಿತ್ತಲ್ಲ ಎಂದು ಕೇಳಿದೆ. "ದೊಡ್ಡದು ನನ್ನಲ್ಲಿ ಉಂಟು ಮಾವ, ಆದರೆ ಕೈ ಹೋಗುವುದು ಇದಕ್ಕೇ" ಎಂದ. ಕೈ ಏಕೆ ಅದಕ್ಕೇ ಹೋಗುತ್ತದೆ ಎಂಬುದನ್ನು ತಿಳಿಯುವ ಕುತೂಹಲದಿಂದಲೇ ಈ ಬರಹ ಹುಟ್ಟಿತು.

ಮೊದಲು ಈ ವಾದ್ಯದ ಕುಲಗೋತ್ರ ತಿಳಿಯೋಣ. ಇದಕ್ಕೆ ರೂಪ ಕೊಟ್ಟ ಮಾರ್ಟಿನ್ ಮನೆತನದ ಮೂಲಪುರುಷ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ 1796ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೊಯ್‌ಕಿರ್ಶೆನ್ ಎಂಬ ಊರಿನಲ್ಲಿ ಹುಟ್ಟಿದವನು. ಅಲ್ಲಿ ಪಿಟೀಲು ತಯಾರಕರ ಸಂಘಕ್ಕೂ ಪೀಠೋಪಕರಣ ಮಾಡುವ ಬಡಗಿಗಳ ಸಂಘಕ್ಕೂ ವ್ಯಾಜ್ಯವಿತ್ತು. ಗಿಟಾರ್ ಮಾಡುತ್ತಿದ್ದವರು ಬಡಗಿಗಳ ಸಂಘದವರು. ಅವರಿಗೆ ಆ ಹಕ್ಕಿಲ್ಲ ಎಂಬುದು ಪಿಟೀಲಿನವರ ವಾದ. ಮಾರ್ಟಿನ್ 1833ರಲ್ಲಿ ಊರು ಬಿಟ್ಟು ನ್ಯೂಯಾರ್ಕ್ ಸೇರಿದ. ಆ ದಶಕ ಮುಗಿಯುವ ಹೊತ್ತಿಗೆ ಪೆನ್ಸಿಲ್ವೇನಿಯದ ನಜರೆತ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದ. ಅದು ಮೊರಾವಿಯನ್ ಪಂಥದ ಜರ್ಮನ್ ಭಾಷಿಕರ ಊರು. ಇಂಗ್ಲಿಷಿನ ನಾಡಿನಲ್ಲಿ ತನ್ನ ಮಾತು ಕೇಳಿಸುವ ಒಂದು ಮೂಲೆಯನ್ನು ಹುಡುಕಿಕೊಂಡು ಹೋದ ಆತನ ಮನಸ್ಸು ನಮ್ಮ ಓದುಗರಿಗೆ ವಿವರಿಸದೆಯೇ ಅರ್ಥವಾದೀತು.

ಆತನ ಸಂಸ್ಥೆ ಗಿಟಾರಿನ ಗಾತ್ರಗಳಿಗೆ ಅಂಕೆಗಳನ್ನು ಕೊಟ್ಟಿತು. ಮೂರು, ಎರಡು, ಒಂದು ಎಂದು ಇಳಿದಂತೆ ವಾದ್ಯ ದೊಡ್ಡದಾಗುತ್ತದೆ. ಒಂದಕ್ಕಿಂತ ದೊಡ್ಡದು ಬೇಕಾದಾಗ ಸೊನ್ನೆ, ಆಮೇಲೆ ಎರಡು ಸೊನ್ನೆ, 20ನೇ ಶತಮಾನದ ಆರಂಭದಲ್ಲಿ ಮೂರು ಸೊನ್ನೆ. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಇಂದು ನಾವು ಸಣ್ಣದೆಂದು ಕರೆಯುವ ಎರಡು ಸೊನ್ನೆಯ ಗಿಟಾರ್ 19ನೇ ಶತಮಾನದಲ್ಲಿ ಕಚೇರಿಯ ದೊಡ್ಡ ವಾದ್ಯವೇ ಆಗಿತ್ತು. ಅದರ ಅಗಲ ಸುಮಾರು 14 ಇಂಚು. ಅದು ಒಂದಂಗುಲವೂ ಕುಗ್ಗಲಿಲ್ಲ. ಪಕ್ಕದಲ್ಲಿ ದೊಡ್ಡದು ಬಂದು ನಿಂತಿತು, ಅಷ್ಟೆ. ಹಾಗೆ ಬಂದದ್ದಕ್ಕೆ ಇಟ್ಟ ಹೆಸರು ಡ್ರೆಡ್‌ನಾಟ್. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯ ಹೆಸರದು. 1916ರಲ್ಲಿ ಡಿಟ್ಸನ್ ಎಂಬ ಸಂಗೀತ ವ್ಯಾಪಾರ ಸಂಸ್ಥೆಗಾಗಿ ಮೊದಲು ಮಾಡಿದ ಈ ಹದಿನೈದೂವರೆ ಇಂಚಿಗೂ ಮೀರಿದ ಅಗಲದ ಗಿಟಾರನ್ನು ಮಾರ್ಟಿನ್ ಸಂಸ್ಥೆ 1931ರಿಂದ ತನ್ನ ಹೆಸರಿನಲ್ಲೇ ಮಾರಿತು. ದೊಡ್ಡ ಸಭಾಂಗಣದಲ್ಲಿ, ಬ್ಯಾಂಜೊ ಪಿಟೀಲುಗಳ ನಡುವೆ ಕೇಳಿಸಬೇಕಾದರೆ ಅಂತಹ ಗಾತ್ರ ಬೇಕಿತ್ತು.

ಪೂರ್ತಿ ಮಹಾಗನಿಯ ಗಿಟಾರ್ ಹುಟ್ಟಿದ್ದು ಯಾವುದೇ ಆದರ್ಶದಿಂದಲ್ಲ. ಮಾರ್ಟಿನ್ ಸಂಸ್ಥೆ 20ನೇ ಶತಮಾನದ ಮೊದಲ ದಶಕದಲ್ಲಿ ಉಕುಲೇಲೆ ಎಂಬ ಹವಾಯಿಯ ಪುಟ್ಟ ವಾದ್ಯವನ್ನು ಗಿಟಾರಿನಂತೆಯೇ ಸ್ಪ್ರೂಸ್ ಮರದ ಮುಂಭಾಗವಿಟ್ಟು ಮಾಡಿ ಸೋತಿತ್ತು. ಮುಂದಿನ ದಶಕದಲ್ಲಿ ಪೂರ್ತಿ ಮಹಾಗನಿಯಿಂದ ಹಗುರವಾಗಿ ಮಾಡಿದಾಗ ಗೆದ್ದಿತು. ಅದೇ ಅನುಭವದಿಂದ 1922ರಲ್ಲಿ ಉಕ್ಕಿನ ತಂತಿಗೆ ತಕ್ಕ ಮಹಾಗನಿ ಗಿಟಾರನ್ನು, 17ನೇ ಶೈಲಿ ಎಂದು, ಕಡಿಮೆ ಬೆಲೆಗೆ ಹೊರತಂದಿತು. 1929ರ ಆರ್ಥಿಕ ಕುಸಿತದ ನಂತರ ಕೈಯಲ್ಲಿ ಕಾಸಿಲ್ಲದವರು ಕೊಂಡದ್ದು ಇಂತಹವನ್ನು. 1940ರಲ್ಲಿ ಇನ್ನೂ ಸರಳವಾದ 15ನೇ ಶೈಲಿ ಬಂತು. ಅಂದರೆ ಅಲಂಕಾರವಿಲ್ಲದಿರುವುದು ಇಲ್ಲಿ ತ್ಯಾಗವಲ್ಲ, ಲೆಕ್ಕಾಚಾರ.

ಆದರೂ ದನಿ ಕೇಳಿದವರು ಅದನ್ನು ಮರೆಯುವುದಿಲ್ಲ. ಸ್ಪ್ರೂಸ್ ಮುಂಭಾಗದ ದೊಡ್ಡ ಗಿಟಾರಿನಲ್ಲಿ ಮಂದ್ರ ತಂತಿಗಳು ಗುಡುಗುತ್ತವೆ, ಒಂದು ಸ್ವರದ ಸುತ್ತ ಹಲವು ಅನುಸ್ವರಗಳು ಮಿನುಗುತ್ತವೆ. ಸಣ್ಣ ಮಹಾಗನಿಯಲ್ಲಿ ಮೂಲಸ್ವರವೇ ಮುಂದೆ, ಉಳಿದದ್ದು ಹಿಂದೆ. ಆರು ತಂತಿಗಳೂ ಸರಿಸಮವಾಗಿ ಮಾತನಾಡುತ್ತವೆ. ತಂತಿಯ ಮಿಡಿಯುವ ಉದ್ದ ದೊಡ್ಡದರಲ್ಲಿ 25.4 ಇಂಚು, ಇದರಲ್ಲಿ 24.9. ಅರ್ಧ ಇಂಚಿನ ಈ ವ್ಯತ್ಯಾಸದಿಂದ ತಂತಿಯ ಬಿಗಿ ಸ್ವಲ್ಪ ಕಡಿಮೆ, ಬೆರಳಿಗೆ ಮೃದು. ಬೆರಳಿನಿಂದ ಮೀಟುತ್ತಾ ಮೆಲ್ಲಗೆ ಹಾಡುವವನ ಕಂಠವನ್ನು ಅದು ಮುಚ್ಚುವುದಿಲ್ಲ. ಮೈಕಿನ ಮುಂದೆಯೂ ಅಬ್ಬರಿಸದೆ ನಿಲ್ಲುವುದರಿಂದ ಧ್ವನಿಮುದ್ರಣದವರಿಗೂ ಇದು ಪ್ರಿಯ.

ಇಲ್ಲಿ ಮೂರು ಆಕ್ಷೇಪಗಳನ್ನು ಎದುರಿಸಲೇಬೇಕು.

ಮೊದಲನೆಯದು, ಈ ಸೆಳೆತ ಕಿವಿಯದಲ್ಲ, ಕತೆಯದ್ದು ಎಂಬುದು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆಯಾದ ಆರು ಗಿಟಾರುಗಳನ್ನು ಮಾಡಿಸಿ, ಮರ ಕಾಣದಂತೆ ಕಪ್ಪು ಕನ್ನಡಕ ತೊಡಿಸಿ, 52 ಮಂದಿ ವಾದಕರಿಗೆ ಕೊಟ್ಟರು. ದುಬಾರಿ ಬ್ರೆಜಿಲ್ ಬೀಟೆಗೂ ಮಹಾಗನಿಗೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗಾತ್ರವನ್ನೂ ಮುಂಭಾಗದ ಮರವನ್ನೂ ಆ ಪರೀಕ್ಷೆ ಬದಲಿಸಿರಲಿಲ್ಲವಾದ್ದರಿಂದ ನಮ್ಮ ವಾದ್ಯದ ಗುಣ ಪೂರ್ತಿ ಕಟ್ಟುಕತೆ ಎಂದು ಇದರಿಂದ ಸಿದ್ಧವಾಗದು. ಆದರೆ ಒಂದು ಪಾಠವಿದೆ. ನಾವು ಕಿವಿಯಿಂದ ಕೇಳಿದೆವೆಂದುಕೊಳ್ಳುವುದರಲ್ಲಿ ಕಣ್ಣಿನ, ಬೆಲೆಯ ಪಾಲು ಇರುತ್ತದೆ.

ಎರಡನೆಯದು, ಬಡವನ ವಾದ್ಯ ಇಂದು ಶ್ರೀಮಂತರ ಸಂಗ್ರಹದ ವಸ್ತು. ಹಳೆಯ ಮಹಾಗನಿ ಗಿಟಾರಿಗೆ ಇಂದು ನೂರಾರು, ಕೆಲವೊಮ್ಮೆ ಸಾವಿರಾರು ಡಾಲರ್. ಸರಳತೆಗೆ ಬೆಲೆ ಬಂದೊಡನೆ ಅದು ಸರಳತೆಯಾಗಿ ಉಳಿಯಿತೇ? ಬ್ಯಾಂಕಿನ ಕೌಂಟರಿನಲ್ಲಿ ಚಿನ್ನ ಅಡವಿಡಲು ಬರುವವರನ್ನು ಕಂಡವನಿಗೆ ಒಂದು ಗೊತ್ತು. ತಕ್ಕಡಿ ಗ್ರಾಮನ್ನು ತೂಗುತ್ತದೆ. ಅಜ್ಜಿಯ ಸರವನ್ನು ತೂಗುವುದಿಲ್ಲ. ಬೆಲೆ ಏರಿದ್ದರಿಂದ ಗುಣ ಕೆಡಲೂ ಇಲ್ಲ, ಹೆಚ್ಚಲೂ ಇಲ್ಲ. ಕೆಡುವುದು ಇಟ್ಟುಕೊಂಡವನ ಮನಸ್ಸು, ಅವನು ನುಡಿಸುವುದನ್ನು ಬಿಟ್ಟು ಗಾಜಿನ ಕಪಾಟಿನಲ್ಲಿಟ್ಟಾಗ.

ಮೂರನೆಯದು ಹೆಚ್ಚು ಗಂಭೀರ. ಮರವೇ ನಿರ್ದೋಷಿಯಲ್ಲ. 18ನೇ ಶತಮಾನದಲ್ಲಿ ಇಂದಿನ ಬೆಲೀಜಿನ ಕಾಡುಗಳಲ್ಲಿ ಇಂಗ್ಲೆಂಡಿನ ಮೇಜು ಕಪಾಟುಗಳಿಗಾಗಿ ಮಹಾಗನಿ ಕಡಿದವರು ಆಫ್ರಿಕಾದಿಂದ ತಂದ ಗುಲಾಮರು. ಕಾಡು ಬರಿದಾಗುತ್ತಾ ಬಂದು, ದೊಡ್ಡೆಲೆಯ ಮಹಾಗನಿಯ ವ್ಯಾಪಾರವು 2003ರಿಂದ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂತು. ನಾವೂ ಈ ಕತೆಯ ಹೊರಗಿನವರಲ್ಲ. ಬ್ರೆಜಿಲ್ ತನ್ನ ಬೀಟೆಯ ದಿಮ್ಮಿಗಳ ರಫ್ತು ತಡೆದಾಗ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಕನ್ನಡದಲ್ಲಿ ಬೀಟೆ, ಮಲಯಾಳದಲ್ಲಿ ವೀಟ್ಟಿ: ಪಶ್ಚಿಮ ಘಟ್ಟದ ಒಂದೇ ಮರ. 2021ರಲ್ಲಿ ವಯನಾಡಿನ ಮುಟ್ಟಿಲಿನಲ್ಲಿ ಇದೇ ಮರಗಳ ಅಕ್ರಮ ಕಡಿತದ ಸುದ್ದಿ ಎಲ್ಲರೂ ಓದಿದ್ದೇ. ಸಣ್ಣ ವಾದ್ಯಕ್ಕೆ ಮರ ಕಡಿಮೆ ಸಾಕು, ನಿಜ. ಕಡಿಮೆ ತಪ್ಪು ಎಂಬುದು ತಪ್ಪಿಲ್ಲವೆಂದಾಗುವುದಿಲ್ಲ. ಒಂದು ಮರವನ್ನು ಉರುಳಿಸಿ ಮಾಡಿದ ವಸ್ತುವನ್ನು ಒಂದು ತಲೆಮಾರು ನುಡಿಸಿ ಮುಂದಿನ ತಲೆಮಾರಿಗೆ ಕೊಡುವುದಷ್ಟೇ ಮರದ ಋಣಕ್ಕೆ ಸ್ವಲ್ಪ ಪರಿಹಾರ.

ಈಗ ಮೂಲ ಪ್ರಶ್ನೆಗೆ ಬರೋಣ. 1930ರ ದಶಕದ ಕೂಲಿಕಾರನೂ, ನನ್ನ ಅಕ್ಕನ ಮಗನೂ ಹಿಡಿದದ್ದು ಒಂದೇ ಬಗೆಯ ವಾದ್ಯ. ಒಬ್ಬನಿಗೆ ಬೇರೆ ಗತಿಯಿರಲಿಲ್ಲ, ಇನ್ನೊಬ್ಬ ಆರಿಸಿಕೊಂಡ. ಹಾಗಾದರೆ ಎರಡನೆಯವನದು ಗುಣ, ಮೊದಲನೆಯವನದು ಬರಿಯ ಕೊರತೆಯೇ? ನಾನು ಒಪ್ಪುವುದಿಲ್ಲ. ಕೂಲಿಕಾರ ಅದನ್ನು ದ್ರಾಕ್ಷಿಯ ಬದಲಿಗೆ ಸಿಕ್ಕ ಸಮಾಧಾನವಾಗಿ ನುಡಿಸಲಿಲ್ಲ; ಹಾಡಿಗೆ ಬೇಕಾದುದೆಲ್ಲ ಅದರಲ್ಲಿತ್ತು. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ವಸ್ತು ತನ್ನ ಕೆಲಸವನ್ನು ಪೂರ್ತಿ ಮಾಡುತ್ತದೆಯೇ? ಮತ್ತು "ಸಾಕು" ಎಂಬ ಮಾತನ್ನು ಹೇಳುವವರು ಯಾರು?

ಎರಡನೆಯ ಪ್ರಶ್ನೆಯೇ ನಮಗೆ ಮುಖ್ಯ. ನುಡಿಸುವವನು ತನ್ನ ಕೈಯ ವಾದ್ಯವನ್ನು ನೋಡಿ "ನನಗೆ ಇದು ಸಾಕು" ಎಂದರೆ ಅದು ವಿವೇಕ. ಅಂಗಡಿಯವನು ಅವನ ಅಂಗಿಯನ್ನು ನೋಡಿ "ನಿನಗೆ ಇದು ಸಾಕು" ಎಂದರೆ ಅದು ಅವಮಾನ. ಮಾತು ಒಂದೇ, ಬದಲಾದದ್ದು ಆಡಿದವನು. ಕಚೇರಿಯೊಂದರಲ್ಲಿ ಕನ್ನಡದ ನಮೂನೆ ಕೇಳಿದ ವೃದ್ಧೆಗೆ "ಪಕ್ಕದವರಲ್ಲಿ ಓದಿಸಿಕೊಂಡರೆ ಸಾಕಲ್ಲ" ಎಂಬ ಉತ್ತರ ಸಿಕ್ಕಿದ್ದನ್ನು ನಾನು ನಿಂತು ಕೇಳಿದ್ದೇನೆ. ಆಕೆ ಮನೆಯಲ್ಲಿ ಎರಡು ಹೊತ್ತಿನ ಗಂಜಿ ಸಾಕೆನ್ನುವ ಹೆಂಗಸೇ ಇರಬಹುದು. ಆ ಸಾಕು ಆಕೆಯದು. ಈ ಸಾಕನ್ನು ಆಕೆಯ ಮೇಲೆ ಹೇರಲಾಯಿತು. ನಮ್ಮ ತೃಪ್ತಿಯನ್ನು ನಮ್ಮ ಹಕ್ಕಿನ ರಾಜೀನಾಮೆ ಎಂದು ಯಾರೂ ಓದಬಾರದು. ನಾವೂ ಹಾಗೆ ಬರೆದುಕೊಡಬಾರದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ವಿಚಾರ ಅರ್ಧವಾದೀತು. ಸಣ್ಣತನವನ್ನೇ ಪುಣ್ಯವೆಂದು ಎದೆಗೊತ್ತಿಕೊಂಡು ಕೂರುವ ಚಟ ನಮ್ಮಲ್ಲೂ ಇಲ್ಲದಿಲ್ಲ. ನಮ್ಮ ಭಾಷೆ ಇಲ್ಲಿ ಅಲ್ಪಸಂಖ್ಯಾತ, ಆದುದರಿಂದ ನಮ್ಮ ನಾಲ್ಕು ಸಾಲು ಪದ್ಯವೂ ದೊಡ್ಡದು ಎಂದು ಹೇಳಿಕೊಳ್ಳುವುದು ಸುಲಭ. ಮಹಾಗನಿ ಗಿಟಾರ್ ಸಣ್ಣದೆಂಬ ಕಾರಣಕ್ಕೆ ಯಾರೂ ಮೆಚ್ಚಲಿಲ್ಲ. ಸಣ್ಣದಾಗಿದ್ದೂ ಶ್ರುತಿಯಲ್ಲಿ ನಿಂತದ್ದಕ್ಕೆ ಮೆಚ್ಚಿದರು. ಹಲಗೆಯನ್ನು ತೆಳುವಾಗಿ ಹತ್ತಿಸಿ, ಒಳಗಿನ ಪಟ್ಟಿಗಳನ್ನು ಹದವಾಗಿ ಕೆತ್ತದಿದ್ದರೆ ಅದು ಮಿಠಾಯಿ ಡಬ್ಬಿಯಂತೆ ಸದ್ದು ಮಾಡುತ್ತಿತ್ತು. ಅಲಂಕಾರ ಬಿಟ್ಟವರು ಕಸುಬು ಬಿಡಲಿಲ್ಲ. ಮನೆಯಲ್ಲಿ ಕನ್ನಡವನ್ನು ಮಾತಿಗಷ್ಟೇ ಇಟ್ಟುಕೊಂಡು, ಮಕ್ಕಳಿಗೆ ಓದಲು ಬರೆಯಲು ಕಲಿಸದೆ, ನಮ್ಮದು ಸಣ್ಣ ಸಮುದಾಯವೆಂದು ನಿಟ್ಟುಸಿರು ಬಿಟ್ಟರೆ ತಪ್ಪು ಸಂಖ್ಯೆಯದಲ್ಲ.

ಕನ್ನಡದಲ್ಲಿ ಸಾಕು ಎಂಬುದಕ್ಕೆ ಎರಡು ಅರ್ಥ: ಬೇಕಾದಷ್ಟಾಯಿತು ಎಂಬುದು ಒಂದು, ಸಲಹು ಎಂಬುದು ಇನ್ನೊಂದು. ಮಲಯಾಳದ ನೆರೆಯವರು ಸಾಕು ಎನ್ನಲು ಮತಿ ಎನ್ನುತ್ತಾರೆ. ಸಂಸ್ಕೃತದಿಂದ ಬಂದ ಮತಿಗೆ ಬುದ್ಧಿ ಎಂದೂ ಅರ್ಥ. ಶಬ್ದಗಳ ಮೂಲ ಬೇರೆಬೇರೆಯೇ ಇರಬಹುದು. ಆದರೆ ಎರಡು ಭಾಷೆಗಳ ನಡುವೆ ಬದುಕುವವನಿಗೆ ಅವು ಒಟ್ಟಿಗೆ ಕೇಳಿಸುತ್ತವೆ. ಸಾಕೆಂದು ಹೇಳಿದವನು ಆಮೇಲೆ ಅದನ್ನು ಸಾಕಬೇಕು. ಎಷ್ಟು ಸಾಕೆಂದು ತಿಳಿಯಲು ಬುದ್ಧಿ ಬೇಕು, ಆ ಬುದ್ಧಿ ಅವನದೇ ಆಗಿರಬೇಕು.