15 ನಿಮಿಷಗಳ ನಂಬಿಕೆ

ಒಬ್ಬರ ಮೇಲಿಟ್ಟ ನಂಬಿಕೆಗೆ ಎಷ್ಟು ಆಯಸ್ಸು? ಮನುಷ್ಯರ ನಡುವೆ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕಂಪ್ಯೂಟರ್ ಮಾತ್ರ ಅದಕ್ಕೆ ನಿಮಿಷಗಳ ಲೆಕ್ಕದಲ್ಲಿ ಉತ್ತರ ಕೊಡುತ್ತದೆ.

ಲಿನಕ್ಸ್ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ನಿರ್ವಾಹಕರ ಅಧಿಕಾರ ಬೇಕು. ಅದನ್ನು ಒಂದೊಂದು ಕೆಲಸಕ್ಕೆ ಎರವಲು ಕೊಡುವ ‘ಸುಡೊ’ ಎಂಬ ಪ್ರೋಗ್ರಾಂ 1980ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿತು. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಅದು ಮೂಲರೂಪದಲ್ಲಿ 5 ನಿಮಿಷ, ಉಬುಂಟುವಿನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ. ನಡುವೆ ಇನ್ನೊಮ್ಮೆ ಬಳಸಿದರೆ ಗಡುವು ಮೊದಲಿನಿಂದ ಶುರುವಾಗುತ್ತದೆ.

ಈ ಅವಧಿಯಲ್ಲಿ ಅದು ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಬರೆದಿಟ್ಟುಕೊಳ್ಳುವುದು ಇಷ್ಟೇ: ಈ ಬಳಕೆದಾರ, ಈ ಟರ್ಮಿನಲ್ಲಿನಲ್ಲಿ, ಇಷ್ಟು ಹೊತ್ತಿಗೆ ತನ್ನ ಗುರುತು ತೋರಿಸಿದ್ದಾನೆ. ಗುಟ್ಟು ಅಲ್ಲಿ ಉಳಿಯುವುದಿಲ್ಲವಾದ್ದರಿಂದ ಅದನ್ನು ಅಲ್ಲಿಂದ ಕದಿಯಲೂ ಆಗದು.

ತೊಡಕು ಬೇರೆ ಕಡೆ ಇದೆ. ನಾನಿರುವ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯನ್ನು ಊಹಿಸಿಕೊಳ್ಳಿ. ಮಾಲೀಕರು ಪ್ರಿಂಟರ್ ಸರಿಪಡಿಸಲು ಪಾಸ್‌ವರ್ಡ್ ಒತ್ತಿ, ಟೀ ಕುಡಿಯಲು ಎದ್ದು ಹೋಗುತ್ತಾರೆ. ಅರ್ಜಿ ತುಂಬಲು ಬಂದ ಹುಡುಗ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಕುರ್ಚಿಯಲ್ಲಿ ಕೂತವರು ಬದಲಾದದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಅವನೇನಾದರೂ ಅಳಿಸಿಹಾಕಿದರೆ ದಾಖಲೆಯಲ್ಲಿ ಉಳಿಯುವುದು ಮಾಲೀಕರ ಹೆಸರು. ಮಾಡಿದ್ದು ಹುಡುಗ, ಬಾಗಿಲು ತೆರೆದಿಟ್ಟವರಿಗೆ ಅದರಲ್ಲಿ ಪಾಲಿಲ್ಲವೆ?

ಹಾಗಾದರೆ ಪ್ರತಿ ಸಲವೂ ಕೇಳಲಿ ಎನ್ನಬಹುದು. ಗಡುವನ್ನು ಸೊನ್ನೆಗೆ ಇಟ್ಟರೆ ಅದು ಹಾಗೆಯೇ ಕೇಳುತ್ತದೆ. ಆದರೆ ಹತ್ತು ಸಲ ಕೇಳಿಸಿಕೊಂಡವರು ಹನ್ನೊಂದನೆಯ ಸಲ ಯಾಕೆ ಕೇಳುತ್ತಿದೆ ಎಂದು ಓದುವುದಿಲ್ಲ. ಬೆರಳುಗಳು ತಾವೇ ಒತ್ತಿಬಿಡುತ್ತವೆ. ಪಾಸ್‌ವರ್ಡ್ ಚಿಕ್ಕದಾಗುತ್ತದೆ, ಕೊನೆಗೆ ಮಾನಿಟರಿಗೆ ಅಂಟಿಸಿದ ಚೀಟಿಯಾಗುತ್ತದೆ. ಅತಿಯಾದ ಅನುಮಾನವೂ ಎಚ್ಚರವನ್ನು ಮಂಕಾಗಿಸುತ್ತದೆ.

ಆದ್ದರಿಂದ ಗಡುವುಳ್ಳ ನಂಬಿಕೆ ನನಗೆ ಒಪ್ಪಿಗೆ. ಪಕ್ಕದ ಮನೆಯವರಿಗೆ ಊರಿಗೆ ಹೋಗುವಾಗ ಕೊಟ್ಟ ಬೀಗದ ಕೈಯನ್ನು ವಾಪಸ್ ಕೇಳಲು ನಮಗೆ ದಾಕ್ಷಿಣ್ಯ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಹೊತ್ತು ಮುಗಿದರೆ ಯಾರ ಮನಸ್ಸೂ ನೋಯದಂತೆ ಅಧಿಕಾರ ವಾಪಸಾಗುತ್ತದೆ.

ಆದರೆ ಗಡುವು ಇದೆಯೆಂದು ಅಧಿಕಾರ ಪಡೆದವರ ಹೊಣೆ ತಪ್ಪುವುದಿಲ್ಲ. ಸುಡೊಗೆ ‘ಕೆ’ ಎಂಬ ಆಯ್ಕೆ ಕೊಟ್ಟರೆ ಆ ಗುರುತು ಆ ಕ್ಷಣವೇ ರದ್ದಾಗುತ್ತದೆ. ಅದು ನೆನಪಾಗದಿದ್ದರೆ, ಏಳುವ ಮುಂಚೆ ಪರದೆಗೆ ಬೀಗ ಹಾಕಿದರೂ ಸಾಕು. ಕೆಲಸ ಮೂರು ನಿಮಿಷಕ್ಕೆ ಮುಗಿದಿದ್ದರೆ ಉಳಿದ ಹನ್ನೆರಡು ನಿಮಿಷ ಆ ಅಧಿಕಾರವನ್ನು ಯಾಕೆ ತೆರೆದಿಡಬೇಕು?